ನಾಲ್ಕು ಸುತ್ತಿನ ಟವೆಲ್ಲು

ಎಚ್ಚರವಾದ ಕೂಡಲೇ ರಾಮಾಂಜಿನಪ್ಪ ಮೊದಲು ಮಾಡುವ ಕೆಲಸವೆಂದರೆ ತನ್ನ ಬಲಗೈ ಎಲ್ಲಿದೆಯೆಂದು ಹುಡುಕುವುದು. ಲಕ್ವ ಹೊಡೆದ ಮೂರು ತಿಂಗಳಿಂದ ಇದು ಅಭ್ಯಾಸವಾಗಿಬಿಟ್ಟಿದೆ. ಒಂದು ದಿನ ಅದು ಬೆನ್ನಿನ ಕೆಳಗೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ದಿನ ಮಂಚದಿಂದ ಜೋತುಬಿದ್ದಿರುತ್ತದೆ. ಇವತ್ತು ದಿಂಬಿನ ಮೇಲೆ, ಅವನ ಮುಖದ ಪಕ್ಕದಲ್ಲೇ, ಅಂಗೈ ಮೇಲು ಮಾಡಿಕೊಂಡು ಬಿದ್ದಿತ್ತು, ಹೇಳದೆ ಕೇಳದೆ ಬಂದು ಮಲಗಿದ ನೆಂಟನ ಹಾಗೆ. ಎಡಗೈಯಿಂದ ಅದನ್ನೆತ್ತಿ ಹೊಟ್ಟೆಯ ಮೇಲೆ ಹಾಕಿಕೊಂಡ. ತೂಕವಿತ್ತು, ಬೇರೇನೂ ಇರಲಿಲ್ಲ. ಇವತ್ತು ಬುಧವಾರ, ನಾಳೆ ಗುರುವಾರ, ನಾಡಿದ್ದು ಶುಕ್ರವಾರ, ಅಂದುಕೊಂಡ. ಕೆಳಗೆ ನೀರಿನ ಟ್ಯಾಂಕರು ಹಿಂದಕ್ಕೆ ಸರಿಯುತ್ತ ಕುಯ್ಯೋ ಕುಯ್ಯೋ ಎನ್ನುತ್ತಿತ್ತು. ಮೂರನೇ ಮಹಡಿಯ ಬಾಡಿಗೆ ಹುಡುಗರು ಗೇಟನ್ನು ದಡಾರನೆ ಬಿಟ್ಟು ಹೋದರು. ಮೊದಲಾಗಿದ್ದರೆ ಮೆಟ್ಟಿಲ ತಲೆಗೆ ನಿಂತು ಒಂದು ಕೂಗು ಹಾಕಿದ್ದರೆ ಸಾಕಿತ್ತು, ಮಾರನೆಯ ದಿನ ಬೆಕ್ಕಿನಂತೆ ಹೆಜ್ಜೆಯಿಟ್ಟು ಹೋಗುತ್ತಿದ್ದರು. ಈಗ ಕೂಗಲು ಹೋದರೆ ನಾಲಗೆ ಬಾಯೊಳಗೆ ದಪ್ಪಗೆ ಹೊರಳುತ್ತದೆ, ಹೊರಗೆ ಬರುವುದು ಅರ್ಧ ಮಾತು ಮತ್ತು ಜೊಲ್ಲು. ಶುಕ್ರವಾರ, ಅಂದುಕೊಂಡ ಮತ್ತೆ.

ಶುಕ್ರವಾರ ಅವನ ಅಣ್ಣನ ಮಗ ಮುನಿಕೃಷ್ಣ ಹೊಸ ಕಟ್ಟಡಕ್ಕೆ ಗುದ್ದಲಿ ಪೂಜೆ ಇಟ್ಟುಕೊಂಡಿದ್ದ. ದೊಡ್ಡನೆಕ್ಕುಂದಿಯಲ್ಲಿ ಮೊದಲ ಗುದ್ದಲಿ ಏಟೆಂದರೆ ರಾಮಾಂಜಿನಪ್ಪನದು. ಅದನ್ನು ಯಾರೂ ಕೂತು ನಿರ್ಧಾರ ಮಾಡಿದ್ದಲ್ಲ. ಮೂವತ್ತು ವರ್ಷದ ಹಿಂದೆ ಅಣ್ಣನ ರಾಗಿ ಹೊಲದಲ್ಲಿ ಅವನು ಗುದ್ದಲಿ ಹಾಕಿದ ಜಾಗದಲ್ಲಿ ಬೋರು ಕೊರೆದರೆ ತೊಂಬತ್ತು ಅಡಿಗೆ ನೀರು ಚಿಮ್ಮಿತು. ಅಲ್ಲಿಂದ ಅವನ ಕೈಗುಣ ಊರ ಬಾಯಿಗೆ ಬಿತ್ತು. ಆಮೇಲೆ ಹೊಲಗಳು ಹೋದವು, ಹೊಲದಲ್ಲಿ ಶೆಡ್ಡುಗಳೆದ್ದವು, ಶೆಡ್ಡುಗಳು ಹೋಗಿ ಐದಂತಸ್ತಿನ ಪೀಜಿಗಳೆದ್ದವು. ರಿಂಗ್ ರೋಡಿನಿಂದ ಕೆರೆ ಏರಿಯ ತನಕ ಯಾವ ಮನೆತನದವರು ಪಾಯ ತೆಗೆದರೂ ಮೊದಲ ಏಟಿಗೆ ಅವನೇ ಬರಬೇಕು. ಅಂಗಡಿ ತೆರೆದವರು ಮೊದಲ ವ್ಯಾಪಾರಕ್ಕೆ ಅವನ ಕೈಯನ್ನೇ ಕಾಯುತ್ತಿದ್ದರು. ಮದುಮಗಳ ಉಡಿಗೆ ಮೊದಲ ಹಿಡಿ ಅಕ್ಕಿಯನ್ನು ಅವನೇ ತುಂಬಲೆಂದು ಒಬ್ಬರು ಕರೆದದ್ದೂ ಉಂಟು, ಅದು ಹೆಂಗಸರ ಕೆಲಸವೆಂದು ಹಿರಿಯರು ಬೈದ ಮೇಲೆ ಬಿಟ್ಟರು. ಎಡಗೈಯಲ್ಲಿ ಗುದ್ದಲಿ ಹಿಡಿಯುವ ಮಾತೇ ಇಲ್ಲ. ಎಡಗೈ ಯಾವ ಕೆಲಸಕ್ಕೆಂದು ಹುಟ್ಟಿದ ಮಗುವಿಗೂ ಗೊತ್ತು. ಈಗ ಅವನು ಆ ಎಡಗೈಯಲ್ಲೇ ಚಮಚ ಹಿಡಿದು ಉಣ್ಣುತ್ತಾನೆ, ಉಣ್ಣುವಾಗ ಬಾಗಿಲು ಹಾಕಿಸುತ್ತಾನೆ. ಶುಕ್ರವಾರದ ಹೊತ್ತಿಗೆ ಬಲಗೈ ಒಂದೇ ಒಂದು ಸಲ ಮೇಲೆದ್ದರೆ ಸಾಕು, ಭುಜದ ತನಕ ಬೇಡ, ಎದೆಯ ತನಕ ಎದ್ದರೂ ಸಾಕೆಂದು ಅವನು ಮುನೇಶ್ವರನಿಗೆ ಹರಕೆ ಕಟ್ಟಿಕೊಂಡಿದ್ದ. ಏನು ಕೊಡುತ್ತೇನೆಂದು ಮಾತ್ರ ಹೇಳಿರಲಿಲ್ಲ.

ಹೆಂಡತಿ ನಾಗಲಕ್ಷ್ಮಮ್ಮ ಅಡುಗೆಮನೆಯಲ್ಲಿ ನೀರು ಕಾಯಿಸುವ ಸದ್ದು ಕೇಳಿತು. ದಿನಕ್ಕೆ ಎರಡು ಸಲ ಈ ಬಿಸಿ ತಣ್ಣನೆಯ ಕೆಲಸ. ಬೆಳಿಗ್ಗೆ ಅವಳು ಮಾಡುತ್ತಾಳೆ, ಹನ್ನೊಂದಕ್ಕೆ ವಾರದಲ್ಲಿ ಮೂರು ದಿನ ಫಿಸಿಯೋಥೆರಪಿಯ ಹುಡುಗಿ ಸೌಮ್ಯಾ ಬ್ರೂಕ್‌ಫೀಲ್ಡಿನಿಂದ ಸ್ಕೂಟರಿನಲ್ಲಿ ಬಂದು ಮಾಡುತ್ತಾಳೆ, ಉಳಿದ ದಿನ ಅದೂ ಇವಳದೇ. ನೀಲಿ ಬಣ್ಣದ ಎರಡು ಚೀಲಗಳು, ಒಳಗೆ ಗಂಜಿಯಂತೆ ಏನೋ ತುಂಬಿದೆ. ಒಂದನ್ನು ಬಿಸಿನೀರಿನಲ್ಲಿ ಮುಳುಗಿಸುವುದು, ಒಂದನ್ನು ಫ್ರೀಜರಿನಲ್ಲಿಡುವುದು. ಬಿಸಿ ಚೀಲಕ್ಕೆ ಟವೆಲ್ಲು ಸುತ್ತಿ ಸತ್ತ ಕೈಯ ಮೇಲೆ ಹದಿನೈದು ಎಣಿಸುವ ತನಕ ಇಡುವುದು. ಆಮೇಲೆ ತಣ್ಣನೆಯದು, ಮೂವತ್ತು. ಹೀಗೆ ಹತ್ತು ಸಲ. "ಇದ್ರಲ್ಲಿ ಒಂದೇ ಗುಟ್ಟು ಅಂಕಲ್," ಎಂದಿದ್ದಳು ಸೌಮ್ಯಾ ಐದು ವಾರದ ಹಿಂದೆ, ಮೊದಲ ದಿನ. "ಬಿಸಿ ತಡ್ಕೊಳಕ್ಕೆ ಆಗ್ಲಿಲ್ಲ ಅಂದ್ರೆ ನಾವು ತೆಗ್ಯಲ್ಲ. ನೀವೇ ಕೈ ಎಳ್ಕೋಬೇಕು. ಮೆದುಳು ಕೈನ ಮರ್ತಿದೆ. ಸುಡುತ್ತೆ ಅಂತಾದ್ರೂ ನೆನಪು ಮಾಡ್ಕೊಳ್ಳಿ ಅದು." ಟವೆಲ್ಲು ಎರಡೇ ಸುತ್ತು, ಮೊದಲು ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ, ಎಂದು ನಾಗಲಕ್ಷ್ಮಮ್ಮನಿಗೂ ಹೇಳಿಕೊಟ್ಟಿದ್ದಳು.

ಸೌಮ್ಯಾ ಮಾಡುವ ದಿನ ಕೈಯೊಳಗೆ ಎಲ್ಲೋ ದೂರದಲ್ಲಿ ಇರುವೆ ಹರಿದಂತಾಗುತ್ತಿತ್ತು. ಹೆಂಡತಿ ಮಾಡಿದಾಗ ಏನೂ ಆಗುತ್ತಿರಲಿಲ್ಲ. ಐದು ವಾರದಿಂದ ಅವನು ಇದನ್ನು ಕೈಯ ಮರ್ಜಿ ಎಂದುಕೊಂಡಿದ್ದ, ಕೆಲವು ದಿನ ಏಳುತ್ತದೆ, ಕೆಲವು ದಿನ ಮಲಗುತ್ತದೆ ಎಂದು. ಇವತ್ತು ಮಂಚದ ಮೇಲೆ ಒರಗಿ ಕೂತವನ ಕಣ್ಣು ಎದುರಿನ ಬೀರುವಿನ ಕನ್ನಡಿಗೆ ಬಿತ್ತು. ಬೀರುವಿನ ಬಾಗಿಲು ಅರ್ಧ ತೆರೆದಿದ್ದರಿಂದ ಕನ್ನಡಿಯಲ್ಲಿ ಅಡುಗೆಮನೆಯ ಕಟ್ಟೆ ಕಾಣುತ್ತಿತ್ತು. ನಾಗಲಕ್ಷ್ಮಮ್ಮ ನೀರಿನಿಂದ ಚೀಲ ತೆಗೆದಳು. ನೀರು ಸೋರಲು ಬಿಟ್ಟಳು, ಸೋರಿ ಮುಗಿದ ಮೇಲೂ ಹಿಡಿದುಕೊಂಡೇ ನಿಂತಳು, ಕಿಟಕಿಯಾಚೆ ಏನನ್ನೋ ನೋಡುತ್ತ. ಆಮೇಲೆ ಟವೆಲ್ಲು ಸುತ್ತಿದಳು. ಒಂದು, ಎರಡು. ಅವಳ ಕೈ ನಿಲ್ಲಲಿಲ್ಲ. ಮೂರು. ನಾಲ್ಕು. ಕೊನೆಯ ಚುಂಗನ್ನು ಒಳಗೆ ಸಿಕ್ಕಿಸಿ, ಮಗುವನ್ನು ಹೊದಿಸಿದ ಹಾಗೆ ಮೇಲೆ ಒಂದು ಸಲ ತಟ್ಟಿದಳು.

ಅವಳು ಬಂದು ಸ್ಟೂಲೆಳೆದು ಕೂತು ಚೀಲವನ್ನು ಅವನ ಮುಂಗೈ ಮೇಲಿಟ್ಟು ಎಣಿಸತೊಡಗಿದಳು. ಅವನಿಗೆ ಏನೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ.

"ನಾಕು," ಎಂದ.

"ಇನ್ನೂ ಏಳಾಯ್ತು. ಸುಮ್ಕಿರಿ."

"ಟವಲ್ಲು. ನಾಕು… ಸುತ್ತು."

ಅವಳ ಎಣಿಕೆ ನಿಂತಿತು. ಮುಖವೆತ್ತಲಿಲ್ಲ. "ಆ ಉಡ್ಗಿ ಯೋಳಿಲ್ವಾ, ಸ್ಪರ್ಶ ಇಲ್ದಿರೋ ಚರ್ಮ, ಬೊಬ್ಬೆ ಎದ್ರೂ ಗೊತ್ತಾಗಲ್ಲ ಅಂತ? ಸುಟ್ಟು ಗಾಯ ಆದ್ರೆ ನಾಳೆ ಊರೋರೆಲ್ಲ ನನ್ನನ್ನೇ ತಾನೆ ಅನ್ನೋದು?" ಎಂದಳು. ಮಾತು ಸರಿಯಾಗಿಯೇ ಇತ್ತು. ಯಾರು ಕೇಳಿದರೂ ಹೌದು ತಾಯಿ ಅನ್ನುವಂಥ ಮಾತು. ಆದರೆ ಅದು ತುಂಬಾ ಬೇಗ ಬಂದಿತ್ತು. ಯಾವತ್ತಾದರೂ ಬೇಕಾಗಬಹುದೆಂದು ಮೊದಲೇ ಮಡಿಚಿ ಇಟ್ಟುಕೊಂಡಿದ್ದಳು.

ಸಿಟ್ಟು ಬಂತು. ಹೊಟ್ಟೆಯಿಂದ ಹೊರಟು ಎದೆ ದಾಟಿ ಬಲ ಭುಜದವರೆಗೆ ಬಂದು ಅಲ್ಲಿ ನಿಂತುಬಿಟ್ಟಿತು. ಮುಂದೆ ದಾರಿ ಇರಲಿಲ್ಲ. ಐದು ವಾರ! ಐದು ವಾರ ನನ್ನ ಕೈಯನ್ನು ಕೊಂದಳಲ್ಲ ಮುಂಡೆ, ಎಂದು ಒಳಗೊಳಗೇ ಬೈದ. ಬೈದ ಕೂಡಲೇ ಅವನಿಗೆ ನಾಚಿಕೆಯಂಥದ್ದೇನೋ ಆಯಿತು, ಬೈಗುಳಕ್ಕಲ್ಲ. ಸಿಟ್ಟು ಭುಜದ ಕಡೆಗೇ ಯಾಕೆ ಹೋಯಿತು? ಎಡಗಡೆಗೆ ಹೋಗಬಹುದಿತ್ತು, ಎಡಗೈ ಗಟ್ಟಿಯಾಗಿಯೇ ಇದೆ. ಕಾಲಿಗೆ ಹೋಗಬಹುದಿತ್ತು. ಅದಕ್ಕೆ ಗೊತ್ತಿದ್ದ ದಾರಿ ಅದೊಂದೇ, ಬಿಚ್ಚಿದ ಎತ್ತು ಹಟ್ಟಿಗೆ ಹೋದ ಹಾಗೆ ತಾನಾಗಿ ಅಲ್ಲಿಗೇ ಹೋಯಿತು. ಅವಳು ಈಗ ಮತ್ತೆ ಎಣಿಸುತ್ತಿದ್ದಳು, ಎಂಟು, ಒಂಬತ್ತು. ಅವಳ ಎಡ ಕಿವಿಯ ಓಲೆ ಅವನ ಕಣ್ಣಿನ ಮಟ್ಟದಲ್ಲೇ ಇತ್ತು. ಓಲೆಯ ತಿರುಪು ಸ್ವಲ್ಪ ಸೊಟ್ಟಗಿತ್ತು. ಅವಳ ತಮ್ಮ ಊಟಕ್ಕೆ ಕೂತಿದ್ದ ದಿನ ಅದು ಸೊಟ್ಟಗಾದದ್ದು. ಕೆರೆಯ ಪಕ್ಕದ ಜಮೀನನ್ನು ಅವಸರಪಟ್ಟು ಮಾರಿಬಿಟ್ಟರು ಅಂತ ಅವಳು ಅಂದಳು, ಅಷ್ಟೇ. ಅವನು ಎದ್ದು ಹೋಗಿ ಹೊಡೆಯಲೂ ಇಲ್ಲ, ಕೂತಲ್ಲಿಂದಲೇ ಬೀಸಿದ. ಎಂಜಲು ಕೈಯಾಗಿರಲಿಲ್ಲ, ಇನ್ನೂ ಅನ್ನ ಬಡಿಸಿರಲಿಲ್ಲ. ಓಲೆ ಹಾರಿ ಸಾರಿನ ಪಾತ್ರೆಯ ಹತ್ತಿರ ಬಿತ್ತು. ಅವಳ ತಮ್ಮ ತಟ್ಟೆ ನೋಡುತ್ತ ಕೂತ. ಅವಳು ಓಲೆಯನ್ನು ಹುಡುಕಿ ತೆಗೆದು, ಬಗ್ಗಿದ ತಿರುಪನ್ನು ಹಲ್ಲಿನಿಂದ ಕಚ್ಚಿ ನೆಟ್ಟಗೆ ಮಾಡಿ ಕಿವಿಗೆ ಹಾಕಿಕೊಂಡು ಸಾರು ಬಡಿಸಿದಳು.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಯಾರದೋ ಪಾಯಕ್ಕೆ ಅವನು ಗುದ್ದಲಿ ಹಾಕಬೇಕಿತ್ತು, ಊಟ ಬಿಟ್ಟು ಎದ್ದ. ಹೋದ. ಹಾಕಿದ. ತಾಂಬೂಲ ತೆಗೆದುಕೊಳ್ಳಲು ಕೈಯೊಡ್ಡಿದಾಗ ಬೆರಳಿಗೆ ಅವಳ ತಲೆಯ ಕೊಬ್ಬರಿ ಎಣ್ಣೆ ಇನ್ನೂ ಅಂಟಿತ್ತು, ವೀಳ್ಯದೆಲೆ ಜಾರಿತು. ಆ ಮನೆಯ ಮುದುಕಿಯೊಬ್ಬಳು ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಆಗ ಅವನಿಗೆ ಏನನ್ನಿಸಿತ್ತು? ಹೆಮ್ಮೆ ಅನ್ನಿಸಿತ್ತು. ನಿಜ ಹೇಳಬೇಕೆಂದರೆ ಹೆಮ್ಮೆಯೇ ಅನ್ನಿಸಿತ್ತು.

"ಹದಿನೈದು," ಎಂದು ನಾಗಲಕ್ಷ್ಮಮ್ಮ ಬಿಸಿಯದನ್ನು ತೆಗೆದು ತಣ್ಣನೆಯದನ್ನಿಟ್ಟಳು. ತಣ್ಣನೆಯದಕ್ಕೆ ಟವೆಲ್ಲು ಇರಲಿಲ್ಲ. ಅದೂ ಅವನಿಗೆ ತಿಳಿಯಲಿಲ್ಲ, ಆದರೆ ಅದನ್ನು ಇಡುವ ಅವಳ ರೀತಿಯನ್ನು ನೋಡುತ್ತ ಕೂತ. ಒತ್ತುವುದಿಲ್ಲ, ಜಾರಲು ಬಿಡುವುದಿಲ್ಲ. ಮೊದಲ ವಾರ ಸೌಮ್ಯಾ ಆಶ್ಚರ್ಯಪಟ್ಟಿದ್ದಳು. "ಆಂಟಿ, ಟ್ರೈನಿಂಗ್ ಆಗಿರೋರ ತರ ಮಾಡ್ತೀರಲ್ಲ! ಮೊದ್ಲೇ ಅಭ್ಯಾಸ ಇತ್ತಾ?" ಎಂದು ಕೇಳಿದ್ದಳು. "ಊಂ ಕಣಮ್ಮ, ಐತೆ," ಎಂದಿದ್ದಳು ಇವಳು. ಅವನು ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮನೆಗೆ ಫ್ರಿಜ್ಜು ಬಂದ ವರ್ಷದಿಂದ ಐಸಿನ ಟ್ರೇಯಲ್ಲಿ ಒಂದು ಮೂಲೆ ಆಗಾಗ ಖಾಲಿ ಇರುತ್ತಿತ್ತು. ಏಟು ಬಿದ್ದ ದಿನ ತಣ್ಣಗೆ. ಮಾರನೆಯ ದಿನ ಕಾವಲಿಯ ಮೇಲೆ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ. ಹುರಿದ ಉಪ್ಪಿನ ವಾಸನೆಯೊಂದಿದೆ, ಬೇರೆ ಯಾವುದರ ಹಾಗೂ ಇರುವುದಿಲ್ಲ. ಆ ವಾಸನೆ ಬಂದ ಬೆಳಿಗ್ಗೆ ಅವನು ಕಾಫಿ ಕೇಳದೆ ಹೊರಗೆ ಹೋಗಿ ರಿಂಗ್ ರೋಡಿನ ಹೋಟೆಲಿನಲ್ಲಿ ಕುಡಿಯುತ್ತಿದ್ದ. ಎಷ್ಟು ಸಲ ಹಾಗಾಯಿತು? ಮಂಚದ ಮೇಲೆ ಬಿದ್ದ ಮೇಲೆ ಎಣಿಸಲು ನೋಡಿದ್ದಾನೆ. ಎಂಟಕ್ಕೆ ಬಂದು ನಿಲ್ಲುತ್ತಾನೆ. ಅವಳನ್ನು ಕೇಳಿದರೆ ಎಷ್ಟು ಅನ್ನುತ್ತಾಳೋ ಎಂಬ ಹೆದರಿಕೆಗೆ ಅಲ್ಲಿಗೇ ಬಿಟ್ಟುಬಿಡುತ್ತಾನೆ. ಮಗಳು ಆಶಾರಾಣಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು, ಡಾಕ್ಟರು ಅವನ ಬಲಗೈ ಎತ್ತಿ ಬಿಟ್ಟಾಗ ಅದು ದೊಪ್ಪನೆ ಬಿದ್ದದ್ದನ್ನು ನೋಡಿದ್ದಳು. ಅವಳು ಅಳುತ್ತಿದ್ದಳು, ಸುಳ್ಳಲ್ಲ. ಆದರೆ ಕೈ ಬಿದ್ದ ಆ ಒಂದು ಕ್ಷಣ ಅವಳ ಹಣೆಯ ಗೆರೆಗಳು ಸಡಿಲಾದದ್ದನ್ನು ಅವನು ಕಂಡಿದ್ದ. ಅದನ್ನು ಯಾರಿಗೂ ಹೇಳಿಲ್ಲ, ಹೇಳುವ ನಾಲಗೆ ಇದ್ದಿದ್ದರೂ ಹೇಳುತ್ತಿರಲಿಲ್ಲ.

ಒಂಬತ್ತೂವರೆಗೆ ಮುನಿಕೃಷ್ಣ ಬಂದ. ಕಾರಿನ ಕೀಲಿಯನ್ನು ಬೆರಳಿಗೆ ಸುತ್ತಿ ತಿರುಗಿಸುತ್ತ, ಕುರ್ಚಿಯ ತುದಿಯಲ್ಲಿ ಕೂತ. ಬಂದ ವಿಷಯ ಬಿಟ್ಟು ಊರಿನದೆಲ್ಲ ಮಾತಾಡಿದ. ಮೆಟ್ರೊ ಕೆಲಸ, ಧೂಳು, ಕೆರೆಯ ವಾಸನೆ. ಮಾತು ಎಲ್ಲಿಗೆ ಹೋಗುತ್ತಿದೆಯೆಂದು ರಾಮಾಂಜಿನಪ್ಪನಿಗೆ ಆಗಲೇ ಗೊತ್ತಾಗಿತ್ತು.

"ಚಿಕ್ಕಪ್ಪ, ಶುಕ್ರವಾರ ಒಂಬತ್ತೂಕಾಲಿಗೆ ಮುಹೂರ್ತ. ನಾನೇ ಬಂದು ಕಾರಲ್ಲಿ ಕರ್ಕೊಂಡೋಗ್ತೀನಿ. ನೀವು ಚೇರಲ್ಲಿ ಕೂತಿದ್ರೆ ಸಾಕು, ನಂಗದೇ ಆಶೀರ್ವಾದ."

"ಗುದ್ಲಿ?" ಎಂದ ರಾಮಾಂಜಿನಪ್ಪ.

ಕೀಲಿ ತಿರುಗುವುದು ನಿಂತಿತು. "ಅದು… ಆವಲಪ್ಪಣ್ಣ ಇಡ್ಕೋತಾರೆ ಅಂತ ಮಾತಾಯ್ತು. ನೀವು ಒಂದ್ಸಲ ಮುಟ್ಟಿ ಕೊಟ್ಬಿಡಿ. ನಿಮ್ಮ ಕೈ ಸೋಕಿದ್ರೆ ಆಯ್ತಲ್ವಾ?"

ಆವಲಪ್ಪ! ದಾಯಾದಿ ಆವಲಪ್ಪ ತನ್ನ ಮನೆಯಂಗಳದಲ್ಲೇ ಮೂರು ಬೋರು ಕೊರೆಸಿ ಮೂರರಲ್ಲೂ ಧೂಳು ಕಂಡವನು. ಅವನು ನೆಟ್ಟ ನುಗ್ಗೆ ಸಹ ಹಿಡಿಯಲಿಲ್ಲ, ನುಗ್ಗೆ! ಕಡ್ಡಿ ಚುಚ್ಚಿದರೆ ಬರುವ ಗಿಡ! ಇದನ್ನೆಲ್ಲ ಹೇಳಿಬಿಡಬೇಕೆಂದು ರಾಮಾಂಜಿನಪ್ಪ ಬಾಯಿ ತೆರೆದ. ನಾಲಗೆ ಹೊರಳಿತು. "ನಾನೇ… ಆಕ್ತೀನಿ," ಎಂಬಷ್ಟು ಮಾತ್ರ ಬಂತು, ಜೊತೆಗೆ ಬಾಯಿಯ ಬಲ ಮೂಲೆಯಿಂದ ಜೊಲ್ಲು ಇಳಿಯಿತು. ಅದು ಇಳಿದದ್ದು ಅವನಿಗೆ ತಿಳಿಯಲಿಲ್ಲ, ಮುನಿಕೃಷ್ಣನ ಕಣ್ಣು ಗಲ್ಲದ ಕಡೆಗೆ ಹೋಗಿ ಥಟ್ಟನೆ ಬೇರೆ ಕಡೆ ತಿರುಗಿದ್ದರಿಂದ ತಿಳಿಯಿತು. ನಾಗಲಕ್ಷ್ಮಮ್ಮ ಸೆರಗಿನ ತುದಿಯಿಂದ ಒರೆಸಿದಳು. ಚಿಕ್ಕ ಮಗುವಿನ ಮೂಗು ಒರೆಸುವ ಹಾಗೆ, ಮಾತಿಲ್ಲದೆ, ನೋಡದೆ. ಆ ಹೊತ್ತಿಗೆ ಅವನಿಗೆ ಅಳು ಬಂತು, ಆದರೆ ಅದನ್ನೂ ಅವಳೇ ಒರೆಸಬೇಕಾಗುತ್ತದೆಂದು ನುಂಗಿಕೊಂಡ.

ಮುನಿಕೃಷ್ಣ ಚಿಕ್ಕಮ್ಮನ ಮುಖ ನೋಡಿದ. "ಏನ್ ಚಿಕ್ಕಮ್ಮ, ಆಗುತ್ತಾ?"

"ಎತ್ತಾಕಾದ್ರೆ ಎತ್ಲಿ. ಬ್ಯಾಡ ಅಂದೋರ್ಯಾರು?" ಎಂದಳು ನಾಗಲಕ್ಷ್ಮಮ್ಮ. "ಅನ್ನೊಂದಕ್ಕೆ ಆ ಉಡ್ಗಿ ಬರ್ತಾಳೆ. ಕೂತಿದ್ದು ನೀನೇ ನೋಡ್ಕೊಂಡೋಗು."

ಅವಳ ಧ್ವನಿಯಲ್ಲಿ ಏನಿತ್ತು? ಅವನು ಹುಡುಕಿದ. ವ್ಯಂಗ್ಯವೂ ಇರಲಿಲ್ಲ, ಮರುಕವೂ ಇರಲಿಲ್ಲ. ಇವಳೊಡನೆ ನಲವತ್ತು ವರ್ಷ ಬಾಳಿದ್ದೇನೆ, ಇವಳು ಒಂದು ಮಾತಾಡಿದರೆ ಹಿಂದೆ ಏನಿದೆಯೆಂದು ತಿಳಿಯುವುದಿಲ್ಲವಲ್ಲ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ತಿಳಿಯುವ ಅಗತ್ಯವೇ ಬಿದ್ದಿರಲಿಲ್ಲ. ಸೌಮ್ಯಾ ಬಂದಾಗ ಹೇಳಿಬಿಡುತ್ತೇನೆ, ಅಂದುಕೊಂಡ. ನಾಲ್ಕು ಸುತ್ತು ಸುತ್ತುತ್ತಾಳೆ ಅಂತ, ಮುನಿಕೃಷ್ಣನ ಎದುರಿಗೇ ಹೇಳುತ್ತೇನೆ. ಎರಡು ಶಬ್ದ, ನಾಲಗೆ ಅಷ್ಟಕ್ಕೆ ಬಗ್ಗುತ್ತದೆ. ನೋಡಲಿ ಎಲ್ಲರೂ, ಪತಿಸೇವೆ ಪತಿಸೇವೆ ಅಂತ ಬೀದಿಯವರೆಲ್ಲ ಹೊಗಳುತ್ತಾರಲ್ಲ. ಆಮೇಲೆ ಸೌಮ್ಯಾ ಕೇಳುತ್ತಾಳೆ, ಯಾಕೆ ಆಂಟಿ ಹಾಗೆ ಮಾಡಿದಿರಿ ಅಂತ. ಇವಳು ಸುಟ್ಟುಕೊಂಡಾರು ಅಂತ, ಅನ್ನುತ್ತಾಳೆ. ಅನ್ನದೆ ಹೋದರೆ? ಬೇರೇನಾದರೂ ಹೇಳಿಬಿಟ್ಟರೆ? ಅವನ ಎಡಗೈ ಹೊದಿಕೆಯ ಅಂಚನ್ನು ಹಿಡಿದು ಬಿಡುತ್ತ, ಹಿಡಿದು ಬಿಡುತ್ತ ಇತ್ತು. ಗಡಿಯಾರದಲ್ಲಿ ಹತ್ತೂ ಇಪ್ಪತ್ತಾಗಿತ್ತು, ಬಹಳ ಹೊತ್ತಿನ ಮೇಲೆ ನೋಡಿದರೆ ಹತ್ತೂ ಇಪ್ಪತ್ತೈದು.

ಸೌಮ್ಯಾ ಹೆಲ್ಮೆಟ್ ಕಳಚುತ್ತಲೇ ಒಳಗೆ ಬಂದಳು. ಹಣೆಯ ಮೇಲೆ ಹೆಲ್ಮೆಟ್ಟಿನ ಗೀರು ಬಿದ್ದಿತ್ತು. "ಏನ್ ಅಂಕಲ್, ಇವತ್ತು ಮುಖ ಗಂಟಾಗಿದೆ?" ಎಂದು ನಕ್ಕು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮುನಿಕೃಷ್ಣ ಶುಕ್ರವಾರದ ವಿಷಯ ಹೇಳಿದ. ಅವಳು ತಲೆಯಾಡಿಸಿ, "ಪ್ರಾಮಿಸ್ ಮಾಡಲ್ಲ ಸಾರ್. ಆದ್ರೆ ಇಷ್ಟೊತ್ತಿಗೆ ಸ್ವಲ್ಪ ಮೂವ್‌ಮೆಂಟ್ ಬರ್ಬೇಕಿತ್ತು. ಯಾಕೋ ನಿಧಾನ ಆಗ್ತಿದೆ," ಎಂದಳು. ಆಮೇಲೆ ನಾಗಲಕ್ಷ್ಮಮ್ಮನ ಕಡೆ ತಿರುಗಿ, "ಇವತ್ತು ನೀವು ಮಾಡಿ ಆಂಟಿ, ನಾನು ನೋಡ್ತೀನಿ. ದಿನಾ ಮಾಡೋರು ನೀವಲ್ವಾ," ಎಂದಳು.

ನಾಗಲಕ್ಷ್ಮಮ್ಮ ತಣ್ಣನೆಯ ಚೀಲವನ್ನು ಸೌಮ್ಯಾಳ ಪಕ್ಕಕ್ಕೂ ಬಿಸಿನೀರಿನ ಪಾತ್ರೆಯನ್ನು ಮಂಚದ ಪಕ್ಕಕ್ಕೂ ತಂದಿಟ್ಟಳು. ಚೀಲ ತೆಗೆದಳು. ಟವೆಲ್ಲನ್ನು ಕೈಗೆತ್ತಿಕೊಂಡಳು.

"ದಿನಾ ಎರಡೇ ಸುತ್ತು ತಾನೆ?" ಎಂದು ಸೌಮ್ಯಾ ಕೇಳಿದಳು. ಕೇಳಿದ್ದು ಅವಳನ್ನಲ್ಲ, ಅವನನ್ನು. "ಅಂಕಲ್, ನಿಮ್ಗೇ ಗೊತ್ತಿರುತ್ತೆ. ಎರಡೇ ತಾನೆ?"

ಟವೆಲ್ಲು ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ನಾಗಲಕ್ಷ್ಮಮ್ಮ ಅವನನ್ನು ನೋಡಲಿಲ್ಲ, ನೀರಿನಿಂದೇಳುವ ಹಬೆಯನ್ನು ನೋಡುತ್ತಿದ್ದಳು. ಬೆಳಗಿನಿಂದ ನಾಲಗೆಯ ಮೇಲೆ ಸಿದ್ಧವಾಗಿ ಕೂತಿದ್ದ ಮಾತು ಅಲ್ಲೇ ಇತ್ತು. ಅವನು ಬಾಯಿ ತೆರೆದ.

"ಎರಡೇ," ಎಂದ.

ಯಾಕೆ ಹಾಗೆಂದೆನೆಂದು ಅವನಿಗೆ ಗೊತ್ತಿರಲಿಲ್ಲ. ಅವಳನ್ನು ಕಾಪಾಡಲೆಂದು ಹೇಳಿದ್ದಲ್ಲ, ಅಷ್ಟು ಒಳ್ಳೆಯವನು ತಾನಲ್ಲವೆಂದು ಅವನಿಗೆ ಗೊತ್ತಿತ್ತು. ಯಾಕೆ ಎಂಬ ಪ್ರಶ್ನೆ ಈ ಕೋಣೆಯೊಳಕ್ಕೆ ಬರಕೂಡದು, ಅಷ್ಟೇ. ನಾಗಲಕ್ಷ್ಮಮ್ಮ ಒಂದು ಸಲ ಅವನತ್ತ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ಆಮೇಲೆ ಟವೆಲ್ಲನ್ನು ಸುತ್ತಿದಳು, ಒಂದು, ಎರಡು, ಚುಂಗನ್ನು ಸಿಕ್ಕಿಸಿದಳು. ತನ್ನ ಮಣಿಕಟ್ಟಿಗೆ ತಾಗಿಸಿ ನೋಡಿ ಸ್ಟೂಲಿನ ಮೇಲೆ ಕೂತು, ಅವನ ಬಲ ಮಗ್ಗುಲಿಗೆ ಬಾಗಿ, ಮುಂಗೈ ಮೇಲಿಟ್ಟಳು.

"ಒಂದು," ಎಂದಳು.

ಎರಡು, ಮೂರು. ದೂರದ ಇರುವೆಗಳು ಬಂದವು. ನಾಲ್ಕು, ಐದು. ಇರುವೆಗಳು ಹತ್ತಿರವಾದವು, ದಪ್ಪಗಾದವು. ಏಳರ ಹೊತ್ತಿಗೆ ಅವು ಇರುವೆಗಳಾಗಿರಲಿಲ್ಲ. ಮೂರು ತಿಂಗಳು ಊರಲ್ಲಿಲ್ಲದವನು ಬಂದು ಬಾಗಿಲು ಬಡಿದಂತೆ ಏನೋ ಮುಂಗೈಯನ್ನು ಒಳಗಿನಿಂದ ಬಡಿಯಿತು. ಬಿಸಿ! ಇದು ಬಿಸಿ! ಇದನ್ನು ಬಿಸಿ ಅನ್ನುತ್ತಾರೆ! ಸಂತೋಷದಿಂದ ಅವನ ಕಣ್ಣು ತುಂಬಿತು. ಒಂಬತ್ತು ಎಂದಳು ಅವಳು. ಸಂತೋಷ ಹೋಗಿ ಉರಿಯಾಯಿತು. ಅವನು ಏನೂ ಮಾಡಲಿಲ್ಲ, ಅವನು ಮಾಡುವ ಮೊದಲೇ ಭುಜ ಕುಪ್ಪಳಿಸಿತು, ಮೊಣಕೈ ಮಡಚಿಕೊಂಡಿತು, ಕೈಯೇ ಚೀಲವನ್ನು ತಳ್ಳಿ ಹಾಸಿಗೆಯಿಂದ ಮೇಲೆದ್ದು ಎದೆಯ ಮಟ್ಟ ದಾಟಿ ಗಲ್ಲದ ತನಕ ಬಂದುಬಿಟ್ಟಿತು.

"ಎದ್ಬಿಡ್ತು!" ಎಂದು ಮುನಿಕೃಷ್ಣ ಕಿರುಚಿ ಕುರ್ಚಿ ಬೀಳಿಸಿದ. "ಶುಕ್ರವಾರ ನಿಮ್ದೇ ಕೈ ಚಿಕ್ಕಪ್ಪ! ಆವಲಪ್ಪಣ್ಣಂಗೆ ಈಗ್ಲೇ ಫೋನ್ ಮಾಡ್ತೀನಿ!" ಸೌಮ್ಯಾ ಚಪ್ಪಾಳೆ ತಟ್ಟಿದಳು. ಇದೆಲ್ಲ ರಾಮಾಂಜಿನಪ್ಪನ ಕಿವಿಗೆ ಬಿತ್ತು, ಆದರೆ ಒಳಗೆ ಇಳಿಯಲಿಲ್ಲ. ಅವನು ನೋಡುತ್ತಿದ್ದದ್ದು ಹೆಂಡತಿಯನ್ನು. ನಾಗಲಕ್ಷ್ಮಮ್ಮನ ಎಡಗೈ ಅವಳ ಎಡಗೆನ್ನೆಗೆ ಅಡ್ಡ ಬಂದಿತ್ತು. ಮೊಣಕೈ ಚೂಪಾಗಿ ಮುಂದಕ್ಕೆ, ಅಂಗೈ ಕಿವಿಯ ಮೇಲೆ, ಗಲ್ಲ ಭುಜದೊಳಕ್ಕೆ. ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಅವನ ಕೈ ಎಷ್ಟು ಬೇಗ ಎದ್ದಿತೋ ಅವಳ ಕೈ ಅದಕ್ಕಿಂತ ಮೊದಲೇ ಎದ್ದಿತ್ತು. ಅದಕ್ಕೆ ಯಾರೂ ಎಣಿಸಿಕೊಡಬೇಕಾಗಿರಲಿಲ್ಲ. ಏಟು ಎಲ್ಲಿಗೆ ಬರುತ್ತದೆ, ಯಾವ ಎತ್ತರದಲ್ಲಿ ಬರುತ್ತದೆ, ಎಲ್ಲ ಅದಕ್ಕೆ ಗೊತ್ತಿತ್ತು. ಇದನ್ನು ಅವನು ಯಾವತ್ತೂ ನೋಡಿರಲಿಲ್ಲ. ನೋಡಿರಲೇಬೇಕು, ಎಂಟು ಸಲವಾದರೂ ನೋಡಿರಬೇಕು, ಎದುರಿಗೇ ಇದ್ದವನು ಅವನೊಬ್ಬನೇ. ಹೊಡೆಯುವಾಗ ಕಣ್ಣು ಏನು ಮಾಡುತ್ತಿತ್ತೋ.

"ಅಯ್ಯೋ, ಆಂಟಿ ಹೆದರ್ಕೊಂಡ್ಬಿಟ್ರು!" ಎಂದು ಸೌಮ್ಯಾ ನಕ್ಕಳು.

ನಾಗಲಕ್ಷ್ಮಮ್ಮ ಕಣ್ಣು ತೆರೆದು ಕೈಯಿಳಿಸಿ ಸೆರಗು ಸರಿಮಾಡಿಕೊಂಡಳು. "ತಟ್ ಅಂತ ಎತ್ತಿದ್ರಲ್ಲ, ಗಾಬ್ರಿಯಾಯ್ತು ಕಣಮ್ಮ," ಎಂದಳು. ನಗಲು ನೋಡಿದಳು. ಅವನ ಕಣ್ಣು ತನ್ನ ಮೇಲಿರುವುದನ್ನು ಆಗ ಕಂಡಳು. ಅವನು ಕಂಡದ್ದನ್ನು ಅವಳೂ ಕಂಡಳು. ಅವಳ ನಗು ನಿಂತಿತು.

"ಬಿಡ್ಬಾರ್ದು, ಇನ್ನೊಂದ್ಸಲ, ಬಿಸಿ ಇರೋವಾಗ್ಲೇ," ಎಂದು ಸೌಮ್ಯಾ ಬಿದ್ದ ಚೀಲವನ್ನು ಬಿಸಿನೀರಿಗೆ ಅದ್ದಿ ನಾಗಲಕ್ಷ್ಮಮ್ಮನ ಕೈಗೆ ಕೊಟ್ಟಳು. ರಾಮಾಂಜಿನಪ್ಪನ ಕೈ ತೊಡೆಯ ಮೇಲೆ ಬಿದ್ದಿತ್ತು, ಮುಂಗೈ ಕೆಂಪಾಗಿತ್ತು, ಬೆರಳೊಂದು ತಾನಾಗಿ ಅದುರುತ್ತಿತ್ತು. ಅವನಿಗೆ ಆ ಕೈಯ ಭಯವಾಯಿತು. ಇಷ್ಟು ದಿನ ಬಾ ಬಾ ಎಂದು ಹರಕೆ ಹೊತ್ತು ಕರೆದದ್ದು ಇದನ್ನೇ ಏನು? ಬಂತಲ್ಲ ಈಗ, ಅವನನ್ನು ಒಂದು ಮಾತೂ ಕೇಳದೆ.

"ನೀನು… ಆ ಕಡೆ… ಕೂತ್ಕೊ," ಎಂದ ಹೆಂಡತಿಗೆ. ತನ್ನ ಎಡಮಗ್ಗುಲನ್ನು ತೋರಿಸಿದ.

"ಆ ಕಡೆಯಿಂದ ಈ ಕೈ ಸಿಗಲ್ಲ ಅಂಕಲ್," ಎಂದಳು ಸೌಮ್ಯಾ.

"ಆ ಕಡೆ," ಎಂದ ಅವನು ಮತ್ತೆ. ಮುನಿಕೃಷ್ಣ ಫೋನಿನಿಂದ ತಲೆಯೆತ್ತಿ, "ಏನಂತೆ?" ಎಂದ. ಯಾರಿಗೂ ಅರ್ಥವಾಗಲಿಲ್ಲ. ನಾಗಲಕ್ಷ್ಮಮ್ಮನಿಗೆ ಅರ್ಥವಾಯಿತು. ಅವಳು ಏಳಲಿಲ್ಲ. ಟವೆಲ್ಲನ್ನು ಬಿಚ್ಚಿ ಮೊದಲಿನಿಂದ ಸುತ್ತಿದಳು, ಎರಡು ಸುತ್ತು, ಅವನಿಗೆ ಕಾಣುವ ಹಾಗೆ. ಸ್ಟೂಲನ್ನು ಇನ್ನೊಂದು ಗೇಣು ಮುಂದಕ್ಕೆಳೆದುಕೊಂಡಳು. ಅವಳ ಮುಖ ಅವನ ಕೈಗೆ ಮೊದಲಿಗಿಂತ ಹತ್ತಿರವಾಯಿತು.

"ಇಲ್ಲೇ ಕೂತ್ಕತೀನಿ," ಎಂದಳು. "ಎಳ್ಕಳ್ಳಿ, ನೋಡಾನ."

ಚೀಲ ಮುಂಗೈ ಮೇಲೆ ಕೂತಿತು. ಈ ಸಲ ಬಿಸಿಗೆ ದಾರಿ ಗೊತ್ತಿತ್ತು, ಮೂರಕ್ಕೇ ಬಂತು. ಅವನು ಎಳೆದುಕೊಳ್ಳಲಿಲ್ಲ. ಎಡಗೈಯಿಂದ ಮಂಚದ ಪಟ್ಟಿಯನ್ನು ಹಿಡಿದು, ಹಲ್ಲು ಕಚ್ಚಿ, ಭುಜವನ್ನು ಹಾಸಿಗೆಗೆ ಒತ್ತಿಕೊಂಡ. ಆರು, ಏಳು. ಉರಿ ಮೊಣಕೈಗೆ ಏರಿತು. ಹತ್ತು. ಅವನ ಕಾಲಿನ ಬೆರಳುಗಳು ಮುದುರಿದವು. "ಗೊತ್ತಾಗ್ತಿಲ್ವಾ ಅಂಕಲ್? ಈಗ ತಾನೆ ಗೊತ್ತಾಯ್ತಲ್ಲ?" ಎಂದು ಸೌಮ್ಯಾ ಬಗ್ಗಿ ನೋಡಿದಳು. ನಾಗಲಕ್ಷ್ಮಮ್ಮನ ಎಣಿಕೆ ನಿಂತಿತ್ತು. ಅವಳು ಅವನ ಕಾಲ್ಬೆರಳುಗಳನ್ನು ನೋಡಿದಳು, ಮಂಚ ಹಿಡಿದ ಎಡಗೈಯನ್ನು ನೋಡಿದಳು, ಆಮೇಲೆ ಮುಖವನ್ನು.

"ಗೊತ್ತಾಗ್ತೈತೆ ಇವ್ರಿಗೆ," ಎಂದಳು. "ಸುಟ್ರೆ ಸುಡ್ತೈತೆ ಅಂತ ಬಾಯ್ಬಿಟ್ಟು ಯೋಳಕ್ಕೆ ಏನ್ ಧಾಡಿ ನಿಮ್ಗೆ? ಎಳ್ಕಳ್ಳಿ ಅಂದ್ನಲ್ಲ!"

ನಲವತ್ತು ವರ್ಷದಲ್ಲಿ ಅವಳು ನಾಲ್ಕು ಜನರ ಎದುರಿಗೆ ಅವನನ್ನು ಗದರಿದ್ದು ಅದೇ ಮೊದಲು. ಮುನಿಕೃಷ್ಣ ಗೋಡೆ ನೋಡಿದ. ರಾಮಾಂಜಿನಪ್ಪ ಕೈ ಎಳೆದುಕೊಂಡ. ಈ ಸಲ ಎಳೆದವನು ಅವನೇ, ನಿಧಾನವಾಗಿ, ನಡುಗುತ್ತ, ಕೈ ಎದೆ ದಾಟಿ ಮೇಲಕ್ಕೆ ಬಂದು ಅವಳ ಕೆನ್ನೆಯಿಂದ ಗೇಣು ದೂರದಲ್ಲಿ ನಿಂತಿತು. ಅವಳ ರೆಪ್ಪೆ ಪಟಪಟನೆ ಹೊಡೆದುಕೊಂಡಿತು, ಮುಚ್ಚಲಿಲ್ಲ. ಅವಳ ಎರಡು ಕೈಗಳೂ ಮಡಿಲಿನಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ಅವನು ಕೈಯನ್ನು ಕೆಳಗಿಳಿಸಲು ನೋಡಿದ. ಆಗಲಿಲ್ಲ. ಏರಿಸಲು ಕಲಿತ ಕೈಗೆ ಇಳಿಯುವುದು ಇನ್ನೂ ಗೊತ್ತಿರಲಿಲ್ಲ. ಅದು ಅವಳ ಮುಖದ ಮುಂದೆ ಹಾಗೇ ನಿಂತು ಗಡಗಡ ನಡುಗಿತು, ಅವನ ಮುಖದ ಮೇಲೆಲ್ಲ ಬೆವರು ಹರಿಯಿತು.

"ಇಳ್ಸು," ಎಂದ ಅವನು. "ಲಕ್ಷ್ಮೀ… ಇಳ್ಸು."

ಅವಳು ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂತಳು. ಆಮೇಲೆ ಮಣಿಕಟ್ಟನ್ನು ಹಿಡಿದು, ಕೆಳಗಿಳಿಸಿ, ಅವನ ತೊಡೆಯ ಮೇಲಿಟ್ಟು, ಸೌಮ್ಯಾಳ ಕಡೆಗೆ ಕೈ ಚಾಚಿದಳು.

"ತಣ್ಣಂದು ಕೊಡಮ್ಮ," ಎಂದಳು.